ಸೊತ್ತು ಮತ್ತು ಪ್ರಾಣ: ಆಸ್ತಿರಕ್ಷಣೆಗಾಗಿ ಕೊಲ್ಲುವುದರ ನೈತಿಕ ವಿಚಾರ



ಮೇಲೆ ಬಿದ್ದು ಕೊಲ್ಲಲು ಬಂದವನನ್ನು ಕೊಂದಾದರೂ ಜೀವ ಉಳಿಸಿಕೊಳ್ಳಬಹುದು ಎಂಬುದನ್ನು ಹೆಚ್ಚುಕಡಿಮೆ ಎಲ್ಲ ನೀತಿಶಾಸ್ತ್ರಗಳೂ ಎಲ್ಲ ದೇಶಗಳ ಕಾನೂನುಗಳೂ ಒಪ್ಪಿವೆ. ಅಲ್ಲಿ ಒಂದು ಪ್ರಾಣಕ್ಕೆ ಎದುರಾಗಿ ನಿಂತಿರುವುದು ಇನ್ನೊಂದು ಪ್ರಾಣ. ಕೊಲ್ಲಲು ಬಂದವನು ತಾನಾಗಿಯೇ ಆ ಸ್ಥಿತಿಯನ್ನು ತಂದಿರುವುದರಿಂದ ತೀರ್ಮಾನ ಅಷ್ಟು ಕಷ್ಟದ್ದಲ್ಲ. ಬಂದವನಿಗೆ ಬೇಕಾಗಿರುವುದು ಪ್ರಾಣವಲ್ಲ, ಸೊತ್ತು ಮಾತ್ರ ಎಂದಾದಾಗ ಪ್ರಶ್ನೆ ಕಷ್ಟದ್ದಾಗುತ್ತದೆ. ಕೊಟ್ಟಿಗೆಯ ಹಸು, ಅಂಗಳದಲ್ಲಿ ಒಣಹಾಕಿದ ಅಡಿಕೆ, ಕೊರಳಿನ ಸರ, ಗದ್ದೆಯ ಬದು, ಬಾಗಿಲ ಮುಂದೆ ನಿಲ್ಲಿಸಿದ ಬೈಕು, ಇವುಗಳಲ್ಲಿ ಯಾವುದನ್ನಾದರೂ ಉಳಿಸಿಕೊಳ್ಳಲು ಮನುಷ್ಯನೊಬ್ಬನನ್ನು ಕೊಲ್ಲಬಹುದೇ? ಕೊಲ್ಲಬಹುದಾದರೆ ಅದರ ಎಲ್ಲೆ ಎಲ್ಲಿ? ಈ ಉಪನ್ಯಾಸದ ವಿಷಯ ಇಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ಮೊದಲಿಗೇ ಬೇರ್ಪಡಿಸಿಕೊಳ್ಳಬೇಕು. ಸೊತ್ತನ್ನು ಕಾಪಾಡಿಕೊಳ್ಳುವ ಹಕ್ಕು ಒಂದು. ಅದಕ್ಕಾಗಿ ಪ್ರಾಣ ತೆಗೆಯುವ ಹಕ್ಕು ಇನ್ನೊಂದು. ಮೊದಲನೆಯದರ ಬಗ್ಗೆ ವಿವಾದವಿಲ್ಲ. ಕಳ್ಳನನ್ನು ತಡೆಯಬಹುದು, ಹಿಡಿಯಬಹುದು, ತಳ್ಳಬಹುದು, ಬೆನ್ನಟ್ಟಿ ಮಾಲನ್ನು ಕಸಿದುಕೊಳ್ಳಬಹುದು, ಅಗತ್ಯವಿದ್ದಷ್ಟು ಹೊಡೆಯಲೂಬಹುದು. ಮೊದಲನೆಯ ಹಕ್ಕು ಇರುವುದರಿಂದಲೇ ಎರಡನೆಯದೂ ಇದೆ ಎಂದು ಭಾವಿಸುವುದು ಈ ವಿಷಯದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ‘ನನ್ನ ಮನೆ, ನನ್ನ ಹೊಲ, ನಾನು ಏನು ಬೇಕಾದರೂ ಮಾಡಬಹುದು’ ಎಂಬ ಮಾತಿನಲ್ಲಿ ಆ ತಪ್ಪು ದಿನವೂ ಕೇಳಿಬರುತ್ತದೆ.

ಪ್ರಾಚೀನ ಕಾನೂನುಗಳು ಈ ವ್ಯತ್ಯಾಸವನ್ನು ಹಗಲು ಮತ್ತು ರಾತ್ರಿಯ ಮೂಲಕ ಗುರುತಿಸಿದವು. ಹೀಬ್ರೂ ಬೈಬಲಿನ ವಿಮೋಚನಕಾಂಡದಲ್ಲಿ, ಕನ್ನ ಕೊರೆಯುವಾಗ ಸಿಕ್ಕಿಬಿದ್ದ ಕಳ್ಳ ಏಟಿಗೆ ಸತ್ತರೆ ಹೊಡೆದವನಿಗೆ ರಕ್ತಾಪರಾಧವಿಲ್ಲ. ಸೂರ್ಯ ಹುಟ್ಟಿದ ಮೇಲಾದರೆ ಅಪರಾಧವುಂಟು, ಕಳ್ಳ ಕದ್ದದ್ದನ್ನು ತೀರಿಸಿಕೊಡಬೇಕು. ಕ್ರಿ.ಪೂ. 450ರ ಸುಮಾರಿನ ರೋಮನ್ನರ ಹನ್ನೆರಡು ಫಲಕಗಳ ಕಾನೂನು ಕೂಡ ರಾತ್ರಿಯ ಕಳ್ಳನನ್ನು ಕೊಲ್ಲಲು ಬಿಟ್ಟು, ಹಗಲಿನ ಕಳ್ಳ ಆಯುಧ ಹಿಡಿದು ಎದುರಿಸಿದರೆ ಮಾತ್ರ ಕೊಲ್ಲಬಹುದೆಂದು ಹೇಳಿತು. ಕತ್ತಲಾದ ಮಾತ್ರಕ್ಕೆ ಸೊತ್ತಿನ ಬೆಲೆ ಏರುವುದಿಲ್ಲ. ಕತ್ತಲಲ್ಲಿ ಬಂದವನು ಯಾರು, ಎಷ್ಟು ಮಂದಿ, ಕೈಯಲ್ಲಿ ಏನಿದೆ, ಅವನ ಉದ್ದೇಶವೇನು ಎಂಬುದು ಮನೆಯವನಿಗೆ ತಿಳಿಯುವುದಿಲ್ಲ. ಕೂಗಿದರೆ ನೆರವಿಗೆ ಬರುವವರೂ ಇಲ್ಲ. ಮನೆಯೊಳಗೆ ಮಕ್ಕಳು ಮಲಗಿದ್ದಾರೆ. ಆ ಕಾನೂನುಗಳು ರಾತ್ರಿ ಕೊಟ್ಟ ರಿಯಾಯಿತಿ ಜೀವಭಯಕ್ಕೆ ಕೊಟ್ಟದ್ದು. ಹಗಲಾದೊಡನೆ ಅದನ್ನು ಹಿಂತೆಗೆದುಕೊಂಡದ್ದೇ ಇದಕ್ಕೆ ಸಾಕ್ಷಿ.

ಭಾರತದ ಧರ್ಮಶಾಸ್ತ್ರಗಳಲ್ಲಿ ಈ ಚರ್ಚೆ ‘ಆತತಾಯಿ’ ಎಂಬ ಪರಿಕಲ್ಪನೆಯ ಸುತ್ತ ನಡೆದಿದೆ. ಬೆಂಕಿ ಇಡುವವನು, ವಿಷ ಹಾಕುವವನು, ಆಯುಧ ಹಿಡಿದು ಬರುವವನು, ಧನ ದೋಚುವವನು, ಹೊಲ ಕಸಿಯುವವನು, ಹೆಂಡತಿಯನ್ನು ಅಪಹರಿಸುವವನು, ಈ ಆರು ಮಂದಿ ಆತತಾಯಿಗಳೆಂದು ವಸಿಷ್ಠ ಧರ್ಮಸೂತ್ರ ಹೇಳುತ್ತದೆ. ಅಂಥವನನ್ನು ಕೊಂದವನಿಗೆ ದೋಷವಿಲ್ಲ ಎಂಬುದು ಮನುಸ್ಮೃತಿಯ ನಿಲುವು. ಧನಾಪಹಾರಿ ಮತ್ತು ಕ್ಷೇತ್ರಾಪಹಾರಿ ಈ ಪಟ್ಟಿಯಲ್ಲಿ ಇರುವುದರಿಂದ, ಸೊತ್ತಿಗಾಗಿ ಕೊಲ್ಲುವುದಕ್ಕೆ ಪರಂಪರೆಯ ಸಮ್ಮತಿ ಇದೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಈ ವಚನಗಳನ್ನು ಹಿಂದಿನ ವ್ಯಾಖ್ಯಾನಕಾರರು ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಅರ್ಥಶಾಸ್ತ್ರಕ್ಕೂ ಧರ್ಮಶಾಸ್ತ್ರಕ್ಕೂ ವಿರೋಧ ಬಂದಾಗ ಯಾವುದು ಬಲವತ್ತರ ಎಂಬ ಚರ್ಚೆಯ ನಡುವೆ ಆತತಾಯಿಯ ವಿಷಯವನ್ನು ಎತ್ತಿಕೊಳ್ಳುತ್ತಾನೆ. ಗುರುವಾಗಲಿ ಬ್ರಾಹ್ಮಣನಾಗಲಿ ಆತತಾಯಿಯಾದರೆ ಕೊಲ್ಲಬಹುದೆಂಬ ಮಾತನ್ನು ಅವನು ವಿಧಿಯೆಂದು ತೆಗೆದುಕೊಳ್ಳದೆ ಅರ್ಥವಾದವೆಂದು, ಅಂದರೆ ಅಪ್ಪಣೆಯಲ್ಲದ, ಬರಿಯ ಒತ್ತು ಕೊಡುವ ಮಾತೆಂದು ಓದುತ್ತಾನೆ. ಹೀಗೆ ಬ್ರಾಹ್ಮಣನಿಗೆ ಅವನು ಕೊಟ್ಟ ರಕ್ಷೆ ಹುಟ್ಟಿನ ಮೇಲ್ಮೆಯನ್ನು ನೋಡಿ ಕೊಟ್ಟದ್ದು; ಎಲ್ಲ ಜೀವಗಳೂ ಸಮಾನವೆಂದು ನಂಬುವ ಕಾಲಕ್ಕೆ ಅದು ಹಾಗೆಯೇ ಒಪ್ಪಿಗೆಯಾಗುವಂಥದ್ದಲ್ಲ. ಆದರೂ ಕೊಲ್ಲಲು ಅನುಮತಿ ಕೊಡುವ ವಚನವನ್ನು ಆದಷ್ಟು ಬಿಗಿಯಾಗಿ ಓದಬೇಕೆಂಬ ಅವನ ಕ್ರಮ ಇಂದಿಗೂ ಬೆಲೆಯುಳ್ಳದ್ದು.

ಕನ್ನಡ ನಾಡಿನ ಇನ್ನೊಂದು ಸಾಕ್ಷ್ಯ ಊರೂರಿನ ಹೊಲದಂಚಿನಲ್ಲಿ ನಿಂತಿರುವ ವೀರಗಲ್ಲುಗಳದ್ದು. ಇವುಗಳಲ್ಲಿ ಹಲವು ತುರುಗೊಳ್ ಕಾಳಗಗಳಿಗೆ ಸಂಬಂಧಿಸಿದವು. ಊರಿನ ದನಗಳನ್ನು ಅಟ್ಟಿಕೊಂಡು ಹೋದವರೊಡನೆ ಹೋರಾಡಿ ಸತ್ತವರ ನೆನಪಿಗೆ ನೆಟ್ಟವು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಹಿಂಡು ಮತ್ತು ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಸನ್ನಿಧಿ. ಸೊತ್ತಿಗಾಗಿ ಕಾದಾಡುವುದನ್ನು ಈ ಸಮಾಜ ಪೂಜಿಸಿತು ಎಂಬುದಕ್ಕೆ ಇವನ್ನು ಉದಾಹರಿಸುವುದುಂಟು. ಆದರೆ ಆ ದಾಳಿಕಾರರು ಆಯುಧ ಹಿಡಿದು ಗುಂಪಾಗಿ ಬಂದವರು; ಅದು ಸುಲಿಗೆ, ಬರಿಯ ಕಳವಲ್ಲ. ಮೇಲಾಗಿ ಕಲ್ಲು ನೆಟ್ಟದ್ದು ಎಷ್ಟು ಮಂದಿಯನ್ನು ಕೊಂದನೆಂಬ ಲೆಕ್ಕಕ್ಕಲ್ಲ, ಊರಿನ ದನಕ್ಕಾಗಿ ತನ್ನ ಜೀವ ಕೊಟ್ಟನೆಂಬ ಕಾರಣಕ್ಕೆ. ತನ್ನ ಪ್ರಾಣವನ್ನು ಪಣಕ್ಕಿಡುವುದೂ ಕತ್ತಲಲ್ಲಿ ಅಡಗಿ ಕೂತು ನಿರಾಯುಧನನ್ನು ಹೊಡೆದುರುಳಿಸುವುದೂ ಒಂದೇ ತೂಕದ ಕೆಲಸಗಳಲ್ಲ.

ಯುರೋಪಿನಲ್ಲಿ ಈ ಪ್ರಶ್ನೆಯನ್ನು ಮೊದಲು ಬಿಗಿಯಾಗಿ ಕಟ್ಟಿದವರು ಕ್ರೈಸ್ತ ದೇವತಾಶಾಸ್ತ್ರಜ್ಞರು. ತನ್ನನ್ನು ಕಾಪಾಡಿಕೊಳ್ಳುವಾಗಲೂ ಅಗತ್ಯಕ್ಕಿಂತ ಹೆಚ್ಚಿನ ಬಲ ಬಳಸಿದರೆ ಅದು ಅಧರ್ಮವೆಂದು ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ವಿಧಿಸಿದ. ಮುಂದೆ ಬಂದ ಕೆಲವು ಪಂಡಿತರು ಈ ಎಲ್ಲೆಯನ್ನು ಸಡಿಲಿಸುತ್ತ ಹೋಗಿ, ಒಂದು ಚಿನ್ನದ ನಾಣ್ಯ ಉಳಿಸಿಕೊಳ್ಳಲು ಕೂಡ ಕಳ್ಳನನ್ನು ಕೊಲ್ಲಬಹುದೆಂಬ ಮಾತಿನವರೆಗೆ ಬಂದರು. 1679ರಲ್ಲಿ ಹನ್ನೊಂದನೆಯ ಇನ್ನೊಸೆಂಟ್ ಪೋಪ್ ಖಂಡಿಸಿದ ಅರವತ್ತೈದು ಪ್ರತಿಪಾದನೆಗಳಲ್ಲಿ ಇದೂ ಒಂದು. ಒಂದು ನಾಣ್ಯಕ್ಕೆ ಕೊಲ್ಲಬಹುದಾದರೆ ಅರ್ಧಕ್ಕೂ ಕೊಲ್ಲಬಹುದು. ನೂರಕ್ಕೆ ಮಾತ್ರ ಕೊಲ್ಲಬಹುದಾದರೆ ತೊಂಬತ್ತೊಂಬತ್ತಕ್ಕೆ ಏಕೆ ಕೂಡದು? ಬೆಲೆಯ ಮೇಲೆ ಎಲ್ಲೆ ಕಟ್ಟಹೊರಟವರು ಯಾರೂ ಅದನ್ನು ನಿಲ್ಲಿಸಲು ಜಾಗ ಕಾಣಲಿಲ್ಲ. ಅಂಥ ಜಾಗ ಇಲ್ಲದಿರುವುದೇ ಅದಕ್ಕೆ ಕಾರಣ.

ಜಾನ್ ಲಾಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಬೇರೆ ದಾರಿ ಹಿಡಿದ. ಬಲ ಪ್ರಯೋಗಿಸಿ ಒಬ್ಬನನ್ನು ತನ್ನ ವಶಕ್ಕೆ ತೆಗೆದುಕೊಂಡು ಹಣ ಕೀಳುವ ಕಳ್ಳ ಅವನೊಡನೆ ಯುದ್ಧಸ್ಥಿತಿಗೆ ಇಳಿದಿದ್ದಾನೆ. ಸ್ವಾತಂತ್ರ್ಯವನ್ನೇ ಕಸಿದವನು ಮುಂದೆ ಪ್ರಾಣವನ್ನೂ ಕಸಿಯಲಾರನೆಂದು ನಂಬಲು ಕಾರಣವಿಲ್ಲ. ಆದ್ದರಿಂದ ಅವನನ್ನು ಕೊಲ್ಲಬಹುದು ಎಂಬುದು ಅವನ ವಾದ. ಆಸ್ತಿಯ ಪರಮ ಪ್ರತಿಪಾದಕನೆಂದು ಹೆಸರಾದ ಲಾಕ್ ಕೂಡ ಇಲ್ಲಿ ಆಸ್ತಿಯ ಬೆಲೆಯ ಮೇಲೆ ವಾದ ಕಟ್ಟಲಿಲ್ಲ. ಮನುಷ್ಯನ ಮೇಲೆ ನಡೆದ ಬಲಾತ್ಕಾರದ ಮೇಲೆ ಕಟ್ಟಿದ. ಕಾನೂನಿನ ಮೊರೆ ಹೋಗಲು ಎಡೆಯಿದ್ದರೆ ಈ ಹಕ್ಕು ಇಲ್ಲವೆಂದೂ ಸೇರಿಸಿದ. ಯಾರೂ ಇಲ್ಲದಾಗ ಬಂದು ಕೊಟ್ಟಿಗೆಯ ಹಗ್ಗ ಬಿಚ್ಚುವವನು ಈ ವಾದದೊಳಗೆ ಬರುವುದೇ ಇಲ್ಲ.

ಭಾರತದ ಇಂದಿನ ಕಾನೂನಿನ ಬುನಾದಿ 1837ರಲ್ಲಿ ಮೆಕಾಲೆ ಅಧ್ಯಕ್ಷತೆಯ ಕಾನೂನು ಆಯೋಗ ಸಿದ್ಧಪಡಿಸಿದ ಕರಡು. ಇಲ್ಲಿನ ಜನ ತೀರ ಮೆತ್ತಗಿನವರು, ದರೋಡೆಕೋರರ ಎದುರು ಕೈಕಟ್ಟಿ ನಿಲ್ಲುವವರು ಎಂಬ ಭಾವನೆ ಆಯೋಗಕ್ಕಿತ್ತು. ಅವರಲ್ಲಿ ಪೌರುಷ ತುಂಬಬೇಕೆಂಬ ಉದ್ದೇಶದಿಂದಲೇ ಖಾಸಗಿ ರಕ್ಷಣೆಯ ಹಕ್ಕನ್ನು ಧಾರಾಳವಾಗಿ ಕೊಡಲಾಯಿತೆಂದು ಕರಡಿನ ಟಿಪ್ಪಣಿ ಹೇಳುತ್ತದೆ. ಆಳುವವರ ಈ ಗ್ರಹಿಕೆ ಎಷ್ಟು ಸರಿ ಎಂಬುದು ಬೇರೆ ಮಾತು. ಆ ಧಾರಾಳತನ 1860ರ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳಲ್ಲಿ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆ ಮುಂದುವರಿದಿದೆ.

ಸೊತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವ ಹಕ್ಕು ಯಾವಾಗ ಎಂಬುದನ್ನು ಹಳೆಯ 103ನೆಯ, ಈಗಿನ 41ನೆಯ ಕಲಂ ಹೇಳುತ್ತದೆ. ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಅವಧಿಯಲ್ಲಿ ಮನೆ ಒಡೆದು ನುಗ್ಗುವುದು, ಜನವಸತಿಗಾಗಲಿ ಸೊತ್ತು ಇಡುವುದಕ್ಕಾಗಲಿ ಬಳಕೆಯಲ್ಲಿರುವ ಕಟ್ಟಡ, ಗುಡಾರ ಅಥವಾ ಹಡಗಿಗೆ ಬೆಂಕಿಯಿಂದ ಇಲ್ಲವೇ ಸ್ಫೋಟಕದಿಂದ ಕೇಡು ಮಾಡುವುದು, ಕೊನೆಯದಾಗಿ, ತಡೆಯದಿದ್ದರೆ ಸಾವು ಅಥವಾ ತೀವ್ರ ಗಾಯ ಆಗಬಹುದೆಂಬ ಸಕಾರಣ ಭಯ ಹುಟ್ಟಿಸುವಂಥ ಕಳವು, ಕೇಡು ಅಥವಾ ಗೃಹ ಅತಿಕ್ರಮಣ. ಸುಲಿಗೆ ಎಂದರೆ ಗಾಯ, ಅಕ್ರಮ ತಡೆ ಅಥವಾ ತಕ್ಷಣದ ಸಾವಿನ ಭಯ ಬೆರೆತ ಕಳವು. ರಾತ್ರಿ ಮನೆಗನ್ನ ಹಳೆಯ ಕಾನೂನುಗಳ ಕಾಲದಿಂದಲೂ ಜೀವಭಯದ ಪ್ರಸಂಗ. ಬೆಂಕಿ ಸೊತ್ತಿಗೂ ಒಳಗಿರುವ ಜನಕ್ಕೂ ಭೇದ ಮಾಡುವುದಿಲ್ಲ. ನಾಲ್ಕನೆಯದಂತೂ ಜೀವಭಯವನ್ನು ಬಾಯಿಬಿಟ್ಟೇ ಕೇಳುತ್ತದೆ. ಸೊತ್ತಿನ ಹೆಸರಿನಲ್ಲಿ ಬರೆದ ಈ ಕಲಮಿನ ಒಳಗೆ ಉದ್ದಕ್ಕೂ ಕೆಲಸ ಮಾಡುತ್ತಿರುವುದು ದೇಹದ ರಕ್ಷಣೆಯ ತತ್ತ್ವ. ಸಂಹಿತೆಯ ಕರ್ತೃಗಳು ಎಷ್ಟೇ ಧಾರಾಳಿಗಳಾಗಿದ್ದರೂ ಸೊತ್ತಿನ ಬೆಲೆ ಇಷ್ಟು ರೂಪಾಯಿ ದಾಟಿದರೆ ಕೊಲ್ಲಬಹುದೆಂದು ಎಲ್ಲಿಯೂ ಬರೆಯಲಿಲ್ಲ.

ಉಳಿದ ಸಂದರ್ಭಗಳಲ್ಲಿ ಸಾವನ್ನುಳಿದು ಬೇರೆ ಹಾನಿ ಮಾಡಬಹುದೆಂದು ಮುಂದಿನ ಕಲಂ ಹೇಳುತ್ತದೆ. ಹಳ್ಳಿಗಳಲ್ಲಿ ಕೊಲೆಗೆ ತಿರುಗುವ ಬದುವಿನ ಜಗಳಗಳನ್ನು ಈ ದೃಷ್ಟಿಯಿಂದ ನೋಡಬೇಕು. ಪಕ್ಕದವನು ಬದು ಕಡಿದು ಎರಡು ಸಾಲು ಒತ್ತುವರಿ ಮಾಡಿ ಉಳುಮೆ ಹೂಡಿದರೆ ಅದು ತೆರೆದ ಹೊಲದ ಅತಿಕ್ರಮಣ. ಅದು ಮೇಲಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಎತ್ತಿನ ಮುಂದೆ ಅಡ್ಡ ನಿಲ್ಲಬಹುದು, ನೇಗಿಲು ಕಳಚಿ ಎಸೆಯಬಹುದು, ಅಗತ್ಯವಾದರೆ ಆಳನ್ನು ಬಲವಂತವಾಗಿ ಹೊರಗಟ್ಟಬಹುದು. ಅವನು ಕುಡುಗೋಲು ಬೀಸುವವರೆಗೆ ಅವನ ಮೇಲೆ ಕುಡುಗೋಲು ಬೀಸುವಂತಿಲ್ಲ. ಸರ್ವೆ ಮಾಡಿಸಿ ಹದ್ದುಬಸ್ತು ಗೊತ್ತುಮಾಡಿಸಿಕೊಳ್ಳಲು, ನ್ಯಾಯಾಲಯದಿಂದ ತಡೆಯಾಜ್ಞೆ ತರಲು ಕಾಲವಿದೆ. ಅಧಿಕಾರಿಗಳ ರಕ್ಷಣೆ ಪಡೆಯಲು ಕಾಲಾವಕಾಶವಿದ್ದಾಗ ಖಾಸಗಿ ರಕ್ಷಣೆಯ ಹಕ್ಕೇ ಇಲ್ಲ; ಇದ್ದಾಗಲೂ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಹಳೆಯ 99ನೆಯ, ಈಗಿನ 37ನೆಯ ಕಲಮಿನ ಈ ಎರಡು ಮಿತಿಗಳು ಕೊಲ್ಲಲು ಅನುಮತಿಯಿರುವ ನಾಲ್ಕು ಪ್ರಸಂಗಗಳಿಗೂ ಅನ್ವಯಿಸುತ್ತವೆ. ಆದ್ದರಿಂದ ರಾತ್ರಿ ಮನೆ ಹೊಕ್ಕವನು ಹನ್ನೆರಡು ವರ್ಷದ ಹುಡುಗನೆಂದು ಟಾರ್ಚಿನ ಬೆಳಕಿನಲ್ಲಿ ಕಂಡ ಮೇಲೆ, ರಾತ್ರಿಯೆಂಬ ಕಾರಣ ಮುಂದಿಟ್ಟು ಅವನನ್ನು ಕೊಲ್ಲಲು ಸಂಹಿತೆ ಬಿಡುವುದಿಲ್ಲ.

ಈ ಕಟ್ಟುಪಾಡಿನ ಹಿಂದಿನ ನೈತಿಕ ತರ್ಕವನ್ನು ಬಲಪಡಿಸಲು ಶಿಕ್ಷೆಯ ಪ್ರಮಾಣವನ್ನು ಉಲ್ಲೇಖಿಸುವುದು ರೂಢಿ. ಸಾಮಾನ್ಯ ಕಳವಿಗೆ ಹಳೆಯ ಸಂಹಿತೆ ವಿಧಿಸಿದ್ದ ಗರಿಷ್ಠ ಶಿಕ್ಷೆ ಮೂರು ವರ್ಷದ ಸೆರೆ. ಆರೋಪ ಹೊರಿಸಿ, ಸಾಕ್ಷಿ ವಿಚಾರಿಸಿ, ವಕೀಲರ ವಾದ ಕೇಳಿದ ಮೇಲೂ ರಾಜ್ಯ ಕೊಡಬಹುದಾದದ್ದು ಇಷ್ಟು ಮಾತ್ರ. ಹಾಗಿರುವಾಗ ಮನೆಯ ಯಜಮಾನನೊಬ್ಬ ಒಂದು ಕ್ಷಣದಲ್ಲಿ ಮರಣದಂಡನೆ ಕೊಡಬಹುದೇ ಎಂಬುದು ಆ ವಾದ. ಇದಕ್ಕೆ ಗಟ್ಟಿಯಾದ ಒಂದು ಪ್ರತ್ಯುತ್ತರವಿದೆ. ರಕ್ಷಣೆ ಬೇರೆ, ಶಿಕ್ಷೆ ಬೇರೆ; ಶಿಕ್ಷೆ ನಡೆದು ಹೋದದ್ದಕ್ಕೆ, ರಕ್ಷಣೆ ನಡೆಯುತ್ತಿರುವುದನ್ನು ತಡೆಯುವುದಕ್ಕೆ. ಅತ್ಯಾಚಾರಕ್ಕೆ ಎಲ್ಲ ಸಂದರ್ಭದಲ್ಲೂ ಮರಣದಂಡನೆ ಇಲ್ಲದಿದ್ದರೂ ಅದನ್ನು ತಡೆಯಲು ಕೊಲ್ಲುವ ಹಕ್ಕು ಇದೆಯಲ್ಲ ಎಂದು ಈ ಪ್ರತ್ಯುತ್ತರ ಕೇಳುತ್ತದೆ. ಇದು ಸರಿಯಾದ ಮಾತು. ಆದ್ದರಿಂದ ಸೊತ್ತಿಗಾಗಿ ಕೊಲ್ಲಬಾರದೆಂಬ ನಿಲುವು ಶಿಕ್ಷೆಯ ಹೋಲಿಕೆಯ ಮೇಲೆ ನಿಲ್ಲಲಾರದು. ನಷ್ಟದ ಸ್ವರೂಪದ ಮೇಲೆ ನಿಲ್ಲಬೇಕು. ದೇಹದ ಮೇಲಾದ ಅತ್ಯಾಚಾರವನ್ನು ಯಾವ ಪರಿಹಾರವೂ ಅಳಿಸಲಾರದು. ಹೋದ ಬೈಕು ಪೊಲೀಸರ ಕೈಗೆ ಸಿಗಬಹುದು, ವಿಮೆಯಿಂದ ತುಂಬಿಕೊಳ್ಳಬಹುದು, ದುಡಿದು ಮತ್ತೆ ಕೊಳ್ಳಬಹುದು. ಸತ್ತ ಕಳ್ಳನನ್ನು ಯಾರೂ ತಂದುಕೊಡಲಾರರು. ಸಂವಿಧಾನದ ರಚನೆಯೂ ಈ ತಾರತಮ್ಯವನ್ನು ಒಪ್ಪಿಕೊಂಡಿದೆ: 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ನಂತರ ಆಸ್ತಿ ಮೂಲಭೂತ ಹಕ್ಕಾಗಿ ಉಳಿಯದೆ 300ಎ ವಿಧಿಯ ಕಾನೂನಾತ್ಮಕ ರಕ್ಷಣೆಗೆ ಸರಿಯಿತು, ಜೀವದ ಹಕ್ಕು 21ನೆಯ ವಿಧಿಯಲ್ಲಿ ಮೂಲಭೂತವಾಗಿ ನಿಂತಿದೆ. ಆ ವಿಧಿ ಕಳ್ಳನನ್ನು ಹೊರತುಪಡಿಸುವುದಿಲ್ಲ.

ಜಗತ್ತಿನ ಎಲ್ಲ ಕಾನೂನುಗಳೂ ಇದೇ ಎಲ್ಲೆಯಲ್ಲಿ ನಿಂತಿಲ್ಲ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ಎರಡನೆಯ ವಿಧಿ, ಪ್ರಾಣಹಾನಿ ಮನ್ನಿತವಾಗುವ ಸಂದರ್ಭಗಳಲ್ಲಿ ವ್ಯಕ್ತಿಯನ್ನು ಅಕ್ರಮ ಹಿಂಸೆಯಿಂದ ರಕ್ಷಿಸುವುದನ್ನು ಹೆಸರಿಸುತ್ತದೆ, ಸೊತ್ತನ್ನು ಹೆಸರಿಸುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ದಂಡ ಸಂಹಿತೆ ಇದಕ್ಕೆ ತದ್ವಿರುದ್ಧ: ರಾತ್ರಿಯ ಕಳವನ್ನು ತಡೆಯಲು, ಕದ್ದ ಮಾಲಿನೊಡನೆ ಆಗಲೇ ಓಡುತ್ತಿರುವವನನ್ನು ನಿಲ್ಲಿಸಲು ಕೂಡ, ಬೇರೆ ದಾರಿಯಿಲ್ಲವೆಂದು ಸಕಾರಣವಾಗಿ ನಂಬಿದವನಿಗೆ ಮಾರಕ ಬಲ ಬಳಸಲು ಅದು ಅವಕಾಶ ಕೊಡುತ್ತದೆ. ಕಳ್ಳನ ಬೆನ್ನಿಗೆ ಗುಂಡು ಹಾರಿಸುವ ಅನುಮತಿ ಎಂದರೆ ಸೊತ್ತಿಗಾಗಿ, ಸೊತ್ತಿಗಾಗಿ ಮಾತ್ರ, ಕೊಲ್ಲುವ ಅನುಮತಿ. ಓಡಿಹೋಗುತ್ತಿರುವವನಿಂದ ಯಾರ ಜೀವಕ್ಕೂ ಭಯವಿಲ್ಲ. ಅದೇ ಅಮೆರಿಕದಲ್ಲಿ, ಕಳವಿನ ಮನೆಯಿಂದ ಓಡುತ್ತಿದ್ದ ನಿರಾಯುಧ ಹದಿನೈದು ವರ್ಷದ ಹುಡುಗನನ್ನು ಟೆನೆಸಿಯ ಪೊಲೀಸನೊಬ್ಬ ಗುಂಡಿಟ್ಟು ಕೊಂದ ಪ್ರಕರಣದಲ್ಲಿ, ಅಪಾಯಕಾರಿಯಲ್ಲದ ಪಲಾಯಿತನನ್ನು ಹಿಡಿಯಲು ಮಾರಕ ಬಲ ಬಳಸುವುದು ಸಂವಿಧಾನಬಾಹಿರವೆಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹುಡುಗನ ಬಳಿ ಸಿಕ್ಕಿದ್ದು ಒಂದು ಪರ್ಸು ಮತ್ತು ಹತ್ತು ಡಾಲರು.

ಓಡುವವನ ಪ್ರಶ್ನೆಯಲ್ಲಿ ಭಾರತದ ಸಂಹಿತೆ ಸೂಕ್ಷ್ಮವಾಗಿದೆ. ಮಾಲಿನೊಡನೆ ಕಳ್ಳ ಪಾರಾಗುವವರೆಗೆ, ಇಲ್ಲವೇ ಮಾಲು ಮರಳಿ ಸಿಗುವವರೆಗೆ, ಇಲ್ಲವೇ ಅಧಿಕಾರಿಗಳ ನೆರವು ದೊರೆಯುವವರೆಗೆ ರಕ್ಷಣೆಯ ಹಕ್ಕು ಇರುತ್ತದೆ. ಬೆನ್ನಟ್ಟುವುದು ಅದರೊಳಗೆ ಬರುತ್ತದೆ. ಸುಲಿಗೆಯಲ್ಲಾದರೆ ಸಾವು, ಗಾಯ ಅಥವಾ ತಡೆಯ ಭಯ ಇರುವವರೆಗೆ ಮಾತ್ರ. ರಾತ್ರಿ ಮನೆ ಒಡೆದವನ ವಿಷಯದಲ್ಲಿ ಅವನು ಮನೆಯೊಳಗೆ ಇರುವವರೆಗೆ. ಹಿತ್ತಿಲ ಗೋಡೆ ಹಾರಿದ ಕ್ಷಣಕ್ಕೆ ಅವನನ್ನು ಕೊಲ್ಲುವ ಹಕ್ಕು ಮುಗಿಯಿತು. ಹೊಸ ಸಂಹಿತೆ ಕಿತ್ತುಕೊಂಡು ಓಡುವುದನ್ನು ಕಳವಿನ ಒಂದು ಬಗೆಯೆಂದು ಪ್ರತ್ಯೇಕವಾಗಿ ಗುರುತಿಸಿದೆ. ಬೈಕಿನಲ್ಲಿ ಬಂದು ಸರ ಕಿತ್ತವನನ್ನು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಂದಿನಿಂದ ಗುದ್ದಿ ಬೀಳಿಸುವವರು, ಆ ಗುದ್ದಿಗೆ ಅವನು ಸಾಯಬಹುದೆಂದು ಬಲ್ಲರು. ಸರ ಎಷ್ಟೇ ಪವನಿನದಾದರೂ ಆ ಗುದ್ದನ್ನು ರಕ್ಷಣೆಯೆಂದು ಕರೆಯಲಾಗದು.

ಇದಕ್ಕಿಂತ ಕೆಟ್ಟದ್ದು ಹಿಡಿದ ಮೇಲೆ ನಡೆಯುವ ಹಿಂಸೆ. ಕಳ್ಳನನ್ನು ವಿದ್ಯುತ್ ಕಂಬಕ್ಕೆ ಕಟ್ಟಿ ‘ಧರ್ಮದೇಟು’ ಕೊಡುವ ಸುದ್ದಿ ಪತ್ರಿಕೆಗಳಲ್ಲಿ ಮೆಚ್ಚುಗೆಯ ದನಿಯಲ್ಲಿ ಬರುವುದು ಈ ಸಮಾಜಕ್ಕೆ ಶೋಭೆಯಲ್ಲ. ಕೈಕಾಲು ಕಟ್ಟಿದ ಮೇಲೆ ಸೊತ್ತು ಸುರಕ್ಷಿತ, ಮನೆಯವರು ಸುರಕ್ಷಿತ, ಪೊಲೀಸರು ದಾರಿಯಲ್ಲಿದ್ದಾರೆ. ಆಗ ಬೀಳುವ ಪ್ರತಿ ಏಟೂ ಅಪರಾಧ, ಸತ್ತರೆ ಕೊಲೆ. ಹಾಗೆ ಏಟು ತಿನ್ನುವವರಲ್ಲಿ ದಾರಿ ತಪ್ಪಿ ಬಂದ ಕೂಲಿಯವರು, ಮಾತು ಬಾರದ ಪರವೂರಿನವರು, ಮನಸ್ಸು ಸ್ವಾಧೀನದಲ್ಲಿಲ್ಲದೆ ಅಲೆಯುವವರು ಇರುತ್ತಾರೆ. ಕಳ್ಳನೆಂಬ ಹೆಸರನ್ನು ಗುಂಪು ಮೊದಲು ಕೊಡುತ್ತದೆ. ವಿಚಾರಣೆ ಬರುವುದು ಹೆಣದ ಮುಂದೆ.

ಸೊತ್ತಿನ ವ್ಯಾಪ್ತಿ ಖಾಸಗಿಯಿಂದ ಸಾರ್ವಜನಿಕಕ್ಕೆ ಹಬ್ಬಿದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. 1972ರಲ್ಲಿ ದಂಡ ಸಂಹಿತೆಯ 103ನೆಯ ಕಲಮಿಗೆ ರಾಜ್ಯ ತಿದ್ದುಪಡಿ ತಂದು, ಸರ್ಕಾರದ, ಸ್ಥಳೀಯ ಸಂಸ್ಥೆಗಳ, ಸರ್ಕಾರಿ ಕಂಪನಿಗಳ ಸೊತ್ತಿಗೆ, ರೈಲಿಗೆ, ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ವಾಹನಗಳಿಗೆ ಬೆಂಕಿ ಅಥವಾ ಸ್ಫೋಟಕದಿಂದ ಕೇಡು ಮಾಡುವುದನ್ನೂ ಪ್ರಾಣ ತೆಗೆಯಬಹುದಾದ ಪಟ್ಟಿಗೆ ಸೇರಿಸಲಾಯಿತು. ಪ್ರಯಾಣಿಕರು ಕೂತಿರುವ ಬಸ್ಸಿಗೆ ಬೆಂಕಿ ಹಚ್ಚುವವನನ್ನು ತಡೆಯಲು ಈ ಸೇರ್ಪಡೆ ಬೇಕಿರಲಿಲ್ಲ. ದೇಹರಕ್ಷಣೆಯ ಹಕ್ಕೇ ಸಾಕಿತ್ತು. ಹೊಸದಾಗಿ ಸೇರಿದ್ದು ಡಿಪೋದಲ್ಲಿ ಖಾಲಿ ನಿಂತ ಬಸ್ಸು. ಮುಷ್ಕರದ ಬಿಸಿಯಲ್ಲಿ ಖಾಲಿ ಬಸ್ಸಿಗೆ ಬೆಂಕಿ ಇಟ್ಟವನು ತಪ್ಪಿತಸ್ಥನೇ. ಅವನಿಂದ ಬಸ್ಸಿನ ಬೆಲೆ ವಸೂಲು ಮಾಡಬೇಕು, ಜೈಲಿಗೂ ಕಳಿಸಬೇಕು. ಬಸ್ಸಿಗೆ ಬದಲಾಗಿ ಅವನ ಪ್ರಾಣ ತೆಗೆದುಕೊಳ್ಳುವುದನ್ನು ನೀತಿ ಒಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮಿನಲ್ಲಿ ಈ ಐದನೆಯ ಬಾಬು ಇಲ್ಲದಿರುವುದು ಸಮಾಧಾನದ ಸಂಗತಿ.

ಯಜಮಾನನೇ ಸ್ಥಳದಲ್ಲಿಲ್ಲದೆ ಅವನು ಒಡ್ಡಿದ ಸಾಧನ ಕೊಲ್ಲುವ ಪ್ರಸಂಗಗಳಲ್ಲಿ ಇದುವರೆಗಿನ ಎಲ್ಲ ಎಳೆಗಳೂ ಒಂದೆಡೆ ಸೇರುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ತೋಟಗಳಿಗೆ ತಾನಾಗಿ ಸಿಡಿಯುವ ಕೋವಿಗಳನ್ನು ಕಟ್ಟುತ್ತಿದ್ದರು. ಟುಲಿಪ್ ಹೂಗಳ ತೋಟವೊಂದರ ಮಾಲೀಕ ಎಚ್ಚರಿಕೆಯ ಫಲಕವಿಲ್ಲದೆ ಅಂಥ ಕೋವಿ ಇಟ್ಟಿದ್ದ. ಪಕ್ಕದವರ ಹೆಣ್ಣು ನವಿಲು ತಪ್ಪಿಸಿಕೊಂಡು ಒಳಗೆ ಹೋಯಿತು. ಅದನ್ನು ಹಿಡಿದುಕೊಡಲು ಗೋಡೆ ಹತ್ತಿ ಇಳಿದ ಹತ್ತೊಂಬತ್ತು ವರ್ಷದ ತರುಣನಿಗೆ ಗುಂಡು ತಗಲಿತು. 1828ರಲ್ಲಿ ನ್ಯಾಯಾಲಯ ಮಾಲೀಕನನ್ನು ಹೊಣೆಗಾರನನ್ನಾಗಿಸಿತು. ಅಷ್ಟರಲ್ಲಿ, 1827ರಲ್ಲೇ, ರಾತ್ರಿ ವಾಸದ ಮನೆಯೊಳಗಿನದನ್ನು ಬಿಟ್ಟು ಉಳಿದಂತೆ ಇಂಥ ಕೋವಿಗಳನ್ನು ಪಾರ್ಲಿಮೆಂಟು ನಿಷೇಧಿಸಿತ್ತು. ಅಮೆರಿಕದ ಅಯೋವಾದಲ್ಲಿ ಪಾಳುಬಿದ್ದ ತೋಟದ ಮನೆಯೊಂದರ ಮಲಗುವ ಕೋಣೆಯಲ್ಲಿ ಮಂಚಕ್ಕೆ ಕೋವಿ ಬಿಗಿದು, ತಂತಿಯನ್ನು ಬಾಗಿಲ ಹಿಡಿಗೆ ಕಟ್ಟಿದ್ದರು. ಹಳೆಯ ಬಾಟಲಿ, ಜಾಡಿ ಆಯಲು ಬಂದವನು ಕಾಲಿನ ಬಹುಭಾಗ ಕಳೆದುಕೊಂಡ. 1971ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವನಿಗೆ ಮೂವತ್ತು ಸಾವಿರ ಡಾಲರ್ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ತಾನು ಎದುರಿಗೆ ನಿಂತಾಗ ಮಾಡಲಾಗದ್ದನ್ನು ತನ್ನ ಯಂತ್ರದಿಂದ ಮಾಡಿಸುವಂತಿಲ್ಲ ಎಂಬುದು ತೀರ್ಪಿನ ಸಾರ.

ಭಾರತದ ಸುಪ್ರೀಂ ಕೋರ್ಟಿನ ಮುಂದೆ 1963ರಲ್ಲಿ ಬಿಹಾರದಿಂದ ಬಂದ ಮೇಲ್ಮನವಿ ಇನ್ನೂ ಮನ ಕಲಕುವಂಥದು. ಒಬ್ಬಾಕೆಯ ಮನೆಯ ಶೌಚಾಲಯದ ಗೋಡೆ ಬಿದ್ದುಹೋಗಿತ್ತು. ಆಕೆಯೂ ಇತರರೂ ನೆರೆಯವನ ಶೌಚಾಲಯ ಬಳಸತೊಡಗಿದರು. ಅವನು ಆಕ್ಷೇಪಿಸಿದ, ಅವರು ಬಿಡಲಿಲ್ಲ. ಅವನು ಶೌಚಾಲಯದ ದಾರಿಗೆ ಹೊದಿಕೆಯಿಲ್ಲದ ತಾಮ್ರದ ತಂತಿ ಎಳೆದು ವಿದ್ಯುತ್ ಹರಿಸಿದ, ಎಚ್ಚರಿಕೆ ಕೊಡಲಿಲ್ಲ. ತಂತಿಗೆ ಕೈ ತಗಲಿ ಆಕೆ ಸತ್ತಳು. ಆಕೆ ಅತಿಕ್ರಮಣಕಾರಳು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ, ಶಿಕ್ಷೆಯನ್ನು ಎತ್ತಿಹಿಡಿಯಿತು. ಅತಿಕ್ರಮಣಕಾರನೂ ಕಾನೂನಿನ ಹೊರಗಿನವನಲ್ಲ. ಶೌಚಕ್ಕೆ ಬೇರೆ ಜಾಗವಿಲ್ಲದ ಹೆಂಗಸು ಒಳಗೆ ಬಂದಳೆಂಬ ಅಪಚಾರಕ್ಕೂ ಆಕೆ ತೆತ್ತ ಬೆಲೆಗೂ ಯಾವ ಅಳತೆಯಲ್ಲೂ ಹೊಂದಿಕೆಯಿಲ್ಲ. ತಂತಿಯ ದೋಷ ಇಷ್ಟಕ್ಕೇ ನಿಲ್ಲುವುದಿಲ್ಲ. ಎದುರಿಗಿರುವ ಮನುಷ್ಯ ಬಂದವನ ಮುಖ ನೋಡಬಲ್ಲ, ಕೂಗಬಲ್ಲ, ಕೊನೆಯ ಗಳಿಗೆಯಲ್ಲಿ ಕೈ ತಡೆದುಕೊಳ್ಳಬಲ್ಲ. ತಂತಿಗೆ ಕಳ್ಳನೂ ಮಗುವೂ ಬೆಂಕಿ ಆರಿಸಲು ಓಡಿಬಂದ ನೆರೆಯವನೂ ಒಂದೇ.

ಕರ್ನಾಟಕದ ಕಾಡಂಚಿನ ಊರುಗಳಲ್ಲಿ ಈ ತಂತಿ ದಿನದಿನದ ಸಂಗತಿ. ಕಾಡುಹಂದಿ, ಆನೆಗಳ ಕಾಟಕ್ಕೆ ಬೇಸತ್ತ ರೈತರಲ್ಲಿ ಕೆಲವರು ಪಂಪ್‌ಸೆಟ್ಟಿನ ಸಂಪರ್ಕದಿಂದಲೋ ಕಂಬದ ತಂತಿಯಿಂದಲೋ ನೇರವಾಗಿ ಬೇಲಿಗೆ ಕರೆಂಟು ಕೊಡುತ್ತಾರೆ. ಆ ತಂತಿಗೆ ಆನೆ ಸಾಯುತ್ತದೆ. ನೀರು ಹಾಯಿಸಲು ಮುಂಜಾವದಲ್ಲಿ ಹೊರಟ ಪಕ್ಕದ ಹೊಲದವನು, ಸೌದೆಗೆ ಹೋದವಳು, ಕೆಲವೊಮ್ಮೆ ಬೇಲಿ ಹಾಕಿದವನೇ ಸಾಯುತ್ತಾರೆ. ಇದಕ್ಕೆ ಬದಲಿ ಇದೆ. ಸೋಲಾರ್ ಬೇಲಿ ಬ್ಯಾಟರಿಯಿಂದ ಕೆಲಸ ಮಾಡುತ್ತದೆ. ಅದರ ಎನರ್ಜೈಸರ್ ಸಾವಿರಾರು ವೋಲ್ಟಿನ ಮಿಡಿತವನ್ನು ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಕಾಲ ಮಾತ್ರ ಬಿಡುತ್ತದೆ, ನಡುವೆ ಬಿಡುವಿರುತ್ತದೆ. ಮುಟ್ಟಿದವನಿಗೆ ಜೋರಾದ ಪೆಟ್ಟು ತಗಲುತ್ತದೆ, ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಮನೆಯ ಲೈನಿನ 230 ವೋಲ್ಟು ಎಡೆಬಿಡದೆ ಹರಿಯುವಾಗ ಸ್ನಾಯು ಬಿಗಿದು ಕೈ ತಂತಿಗೆ ಅಂಟಿಬಿಡುತ್ತದೆ. ಬೆಳೆ ಉಳಿಸುವ ಒಂದೇ ಉದ್ದೇಶಕ್ಕೆ ಕೊಲ್ಲದ ಸಾಧನ ಇರುವಾಗ ಕೊಲ್ಲುವ ಸಾಧನವನ್ನು ಆರಿಸಿಕೊಂಡವನು ಅಗತ್ಯದ ಮಿತಿಯನ್ನು ಮೀರಿದ್ದಾನೆ.

ಕಾಡುಪ್ರಾಣಿಯ ವಿಷಯದಲ್ಲಿಯೂ ಕಾನೂನು ಈ ಭೇದವನ್ನು ಇಟ್ಟುಕೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ತನ್ನನ್ನೋ ಇನ್ನೊಬ್ಬನನ್ನೋ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ, ಮುಂಚಿತ ಅನುಮತಿ ಬೇಡ. ಬೆಳೆಗೆ, ಸೊತ್ತಿಗೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಬೇಕಾದರೆ ಅಧಿಕಾರಿಯ ಲಿಖಿತ ಅನುಮತಿ ಬೇಕು, ಅದಕ್ಕೆ ಕಾರಣ ಬರೆಯಬೇಕು. ಹಂದಿಗೆ ದೊರೆತ ಈ ಎಚ್ಚರ ಮನುಷ್ಯನಿಗೆ ದೊರೆಯದೆ ಹೋಗುವಂತಿಲ್ಲ.

ಉಳಿಯುವುದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಸೊತ್ತು ಹೋದರೆ ಮತ್ತೆ ಸಂಪಾದಿಸಬಹುದೆಂಬುದು ಉಳ್ಳವರ ಮಾತು. ಒಂದೇ ಹಸುವಿನ ಹಾಲಿನಲ್ಲಿ ಮಕ್ಕಳನ್ನು ಸಾಕುವ ವಿಧವೆಗೆ, ಸಾಲ ಮಾಡಿ ಬೆಳೆದ ಒಂದೆಕರೆ ರಾಗಿಯೇ ವರ್ಷದ ಅನ್ನವಾದ ರೈತನಿಗೆ ಸೊತ್ತೇ ಪ್ರಾಣ. ಬಸವಣ್ಣನವರು ದನ ಕದ್ದ ಕಳ್ಳರಲ್ಲೂ ಸಂಗಮದೇವನನ್ನೇ ಕಂಡರು, ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ಕಳ್ಳನನ್ನು ಪ್ರೀತಿಯಿಂದ ಬದಲಿಸುವ ದಾರಿ ತೋರಿದರು. ಆದರೆ ಅದು ಮಹಾತ್ಮರು ತಮಗೆ ತಾವೇ ಹಾಕಿಕೊಂಡ ಶಿಸ್ತು. ಹಸಿದವರ ಮೇಲೆ ಅದನ್ನು ಕಾನೂನಾಗಿ ಹೇರಲಾಗದು. ಈ ಆಕ್ಷೇಪದಲ್ಲಿ ಸತ್ಯವಿದೆ. ಬಡವನ ನಷ್ಟ ದೊಡ್ಡದೆಂಬುದು ಆ ಸತ್ಯ. ಆದರೆ ಆ ನಷ್ಟದಿಂದ ಬರುವ ಸಾವು ಕಳ್ಳ ಬಂದ ರಾತ್ರಿಯೇ ಬರುವುದಿಲ್ಲ. ನಡುವೆ ನೆರೆಹೊರೆಯಿದೆ, ಬ್ಯಾಂಕಿದೆ, ಸರ್ಕಾರವಿದೆ. ಹಸುವಿಗೆ ವಿಮೆ, ಬೆಳೆಗೆ ವಿಮೆ, ಆನೆ ತುಳಿದ ತೋಟಕ್ಕೆ ಪರಿಹಾರ, ಇವು ದಾನವಲ್ಲ. ಕೊಲ್ಲಬೇಡವೆಂದು ಬಡವನಿಗೆ ಹೇಳುವ ರಾಜ್ಯ ಅವನಿಗೆ ತೀರಿಸಬೇಕಾದ ಬಾಕಿ. ಪರಿಹಾರದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆದು ವರ್ಷಗಟ್ಟಲೆ ಕೊಳೆತರೆ, ರೈತ ಬೇಲಿಗೆ ಎಳೆದ ಕರೆಂಟಿನ ಪಾಪದಲ್ಲಿ ಆ ಕಚೇರಿಗೂ ಪಾಲಿದೆ. ಆದರೆ ಅದರಿಂದ ತಂತಿ ನ್ಯಾಯವಾಗುವುದಿಲ್ಲ. ಕೋವಿಯ ವಿಷಯವೂ ಹೀಗೆಯೇ. 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ವ್ಯವಸ್ಥೆ ಮಾಡಿದೆ. ಅದನ್ನು ಮೇಲಕ್ಕೆ ಹಾರಿಸಿ ಹಿಂಡನ್ನು ಓಡಿಸುವುದು ವಾಡಿಕೆಯ ಬಳಕೆ. ಅದೇ ಕೋವಿಯನ್ನು ಕಳ್ಳನ ಕಡೆಗೆ ತಿರುಗಿಸುವವನು 41ನೆಯ ಕಲಮಿನ ನಾಲ್ಕು ಪ್ರಸಂಗಗಳಲ್ಲಿ ಒಂದರೊಳಗೆ ನಿಂತಿರಬೇಕು. ಸದ್ಭಾವನೆಯಿಂದ, ಆದರೆ ಮಿತಿ ಮೀರಿ ಕೊಂದಿದ್ದರೆ ಅದು ಕೊಲೆಯಲ್ಲ, ಕೊಲೆಗಿಂತ ಕೆಳಗಿನ ಮಾನವಹತ್ಯೆ ಎಂದು ಕಾನೂನು ಎಣಿಸುತ್ತದೆ. ಭಯಗೊಂಡ ಮನುಷ್ಯನ ಕೈ ನಡುಗುತ್ತದೆ, ಅವನು ಬಂಗಾರದ ತಕ್ಕಡಿಯಲ್ಲಿ ಬಲವನ್ನು ತೂಗಿ ಬಳಸಲಾರನೆಂದು ಸುಪ್ರೀಂ ಕೋರ್ಟು ಅನೇಕ ತೀರ್ಪುಗಳಲ್ಲಿ ಒಪ್ಪಿದೆ. ಆ ವಿನಾಯಿತಿ ಭಯಗೊಂಡವನಿಗೆ ಸಲ್ಲುತ್ತದೆ, ಹಗಲಿನಲ್ಲಿ ತಂತಿ ಎಳೆದು ಸ್ವಿಚ್ಚು ಒತ್ತಿ ಮಲಗಲು ಹೋದವನಿಗೆ ಸಲ್ಲುವುದಿಲ್ಲ.